ಕುದುರೆಗೆ ಅರೆದದ್ದು, ನಾಯಿಗೆ ತೇಯ್ದದ್ದು

ಈ ಪರದೇಶದಲ್ಲಿ ಕನ್ನಡದವರ ಮನೆಗೆ ಪೂಜೆಗೋ ಊಟಕ್ಕೋ ಹೋದರೆ ನನ್ನನ್ನು "ಇವರು ಡಾಕ್ಟರು" ಎಂದು ಪರಿಚಯಿಸುತ್ತಾರೆ. ಅವರು ಹೇಳಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬ ಹಿರಿಯರು ಮೊಣಕಾಲನ್ನೋ ಮೀನಖಂಡವನ್ನೋ ಮುಂದಕ್ಕೆ ಚಾಚಿ, ಇಲ್ಲಿ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ. ನಾನು ನಾಯಿ, ಕುದುರೆಗಳ ಡಾಕ್ಟರು ಎಂದು ತಿಳಿದ ಕೂಡಲೇ ಆ ಕಾಲು ಹಿಂದಕ್ಕೆ ಹೋಗುತ್ತದೆ. "ಓಹ್, ವೆಟ್ಟಾ?" ಎಂದು ಮಾತು ಟ್ರಾಫಿಕ್ ಕಡೆಗೆ ತಿರುಗುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಧಾರವಾಡದಲ್ಲಿ ನಮ್ಮ ಸೋದರಮಾವ ನನ್ನನ್ನು ಕೊನೆಯವರೆಗೂ "ಎಮ್ಮಿ ಡಾಕ್ಟರ್" ಎಂದೇ ಕರೆದ. ಅವನಿಗಿಂತ ಇವರು ವಾಸಿ.

ಈಗ ನಿವೃತ್ತನಾಗಿ ವೆಸ್ಟ್ ವಿಂಡ್ಸರ್‌ನಲ್ಲಿದ್ದೇನೆ. ಸ್ನೇಹಿತರೊಬ್ಬರ ಮಗಳು ಪಶುವೈದ್ಯ ಓದಲು ಸೇರಿದ್ದಾಳೆ. ನೆಂಟರೆಲ್ಲ, ಇಷ್ಟು ಓದಿದ ಹುಡುಗಿ ಮನುಷ್ಯರ ಡಾಕ್ಟರಾಗಬಾರದಿತ್ತೇ ಎಂದು ಕೊರಗುತ್ತಿರುವಾಗ, ಆಕೆ ನನ್ನ ಬಳಿ ಬಂದು, "ಅಂಕಲ್, ರಿಯಲಿ ಹೇಗಿರುತ್ತೆ ಈ ಕೆಲಸ?" ಎಂದು ಕೇಳಿದಳು. ಬಾಯಲ್ಲಿ ಹೇಳಲು ಹೋದರೆ ಅದು ಎಲ್ಲೆಲ್ಲೋ ಹೋಯಿತು. ಹಾಗಾಗಿ ಒಂದೇ ಔಷಧವನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ. ಒಂದು ಅಗುಳು ಹಿಚುಕಿ ನೋಡಿದರೆ ಸಾಕು.

ಪಶುವೈದ್ಯರ ಕಪಾಟಿನಲ್ಲಿರುವ ಔಷಧಗಳಲ್ಲಿ ಬಹಳಷ್ಟು ಮನುಷ್ಯರಿಂದ ಎರವಲು ತಂದವು. ಪೆಂಟಾಕ್ಸಿಫಿಲಿನ್ ಅಂಥದ್ದೊಂದು. ವಯಸ್ಸಾದ ಕೆಲವರಿಗೆ ಕಾಲಿನ ರಕ್ತನಾಳ ಕಿರಿದಾಗಿ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಅವರಿಗಾಗಿ ಮಾಡಿದ ಮಾತ್ರೆ ಅದು. ರಕ್ತದ ಕಣಗಳನ್ನು ಕೊಂಚ ಮೆತ್ತಗೆ ಮಾಡಿ, ಸಣ್ಣ ಸಂದಿಯಲ್ಲೂ ನುಸುಳುವಂತೆ ಮಾಡುತ್ತದೆ. ನಾಯಿಗೆ ಆ ಕಾಯಿಲೆ ಬರುವುದಿಲ್ಲ, ಕುದುರೆಗೂ ಬರುವುದಿಲ್ಲ. ಆದರೆ ರಕ್ತ ಸುಲಭಕ್ಕೆ ತಲುಪದ ಮೂಲೆಗಳು ಅವಕ್ಕೂ ಇವೆ. ನಾಯಿಗೆ ಕಿವಿಯ ತುದಿ, ಬಾಲದ ತುದಿ. ಕುದುರೆಗೆ ಗೊರಸಿನ ಒಳಭಾಗ. ಡಬ್ಬಿಯ ಮೇಲೆ ನಾಯಿಯ ಹೆಸರೂ ಇಲ್ಲ, ಕುದುರೆಯ ಹೆಸರೂ ಇಲ್ಲ. ಕೊಡಲು ಕಾನೂನು ಒಪ್ಪುತ್ತದೆ. ಕೊಟ್ಟ ಮೇಲೆ ಏನಾದರೂ ಹೊಣೆ ನಮ್ಮದು.

ನಾನು ಕೆಲಸ ಮಾಡಿದ್ದು ಹ್ಯಾಂಕ್ ಎಂಬ ಹಿರಿಯನ ಕೈಕೆಳಗೆ. ಪ್ರಿನ್ಸ್‌ಟನ್ ದಾಟಿ ಕುದುರೆ ಫಾರ್ಮುಗಳು ಶುರುವಾಗುವ ಕಡೆ ಅವನ ಆಸ್ಪತ್ರೆ ಇತ್ತು. ಮುಂದಿನ ಬಾಗಿಲಲ್ಲಿ ನಾಯಿ, ಬೆಕ್ಕು. ಹಿಂದಿನ ಅಂಗಳದಲ್ಲಿ ಕುದುರೆ ತುಂಬಿದ ಟ್ರೇಲರುಗಳು. ಹ್ಯಾಂಕ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಗುಣವಾದರೆ ಔಷಧವನ್ನು ಹೊಗಳಬೇಡ, ಆಗದಿದ್ದರೆ ಬೈಯಬೇಡ, ಮೊದಲು ಕಾದು ನೋಡು" ಎಂದು ನಮಗೆ ಪಾಠ ಹೇಳುತ್ತಿದ್ದ. ತಾನು ಮಾತ್ರ ಎರಡು ವಾರಕ್ಕೆ ತಾಳ್ಮೆ ಕಳೆದುಕೊಳ್ಳುತ್ತಿದ್ದ.

ನಾನು ಸೇರಿದ ಕಾಲಕ್ಕೆ ಕುಂಟುವ ಕುದುರೆಗಳಿಗೆ ಐಸಾಕ್ಸುಪ್ರಿನ್ ಎಂಬ ಇನ್ನೊಂದು ಮಾತ್ರೆ ಕೊಡುತ್ತಿದ್ದರು. ಅದೂ ಮನುಷ್ಯರ ರಕ್ತಸಂಚಾರಕ್ಕೆ ಮಾಡಿದ್ದೇ. ಬಾಯಲ್ಲಿ ಕೊಟ್ಟದ್ದು ಗೊರಸಿಗೆ ಎಷ್ಟು ಮುಟ್ಟುತ್ತದೆ ಎಂಬ ಅನುಮಾನ ಬರಬರುತ್ತಾ ಬಲವಾಯಿತು. ಆಮೇಲೆ ಪೆಂಟಾಕ್ಸಿಫಿಲಿನ್ ಬಂತು, ಅದರ ಮೇಲೂ ಅನುಮಾನ ಇದ್ದೇ ಇತ್ತು. ಸ್ಪರ್ಧೆಗೆ ಹೋಗುವ ಕುದುರೆಗೆ ಇವನ್ನು ಕೊಟ್ಟರೆ ಮೂತ್ರದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಒಮ್ಮೆ ಒಬ್ಬ ಮಾಲೀಕ ಸ್ಪರ್ಧೆಯ ವಿಷಯವನ್ನೇ ನಮಗೆ ಹೇಳಿರಲಿಲ್ಲ. ಗೊತ್ತಾದಾಗ ಕುದುರೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆತ ನಮ್ಮ ಅಂಗಳದಲ್ಲಿ ನಿಂತು ಬೈದದ್ದು ಮುಂದಿನ ಕೋಣೆಯ ಬೆಕ್ಕುಗಳಿಗೂ ಕೇಳಿಸಿರಬೇಕು. ಅಂದಿನಿಂದ ಕುದುರೆಯ ಕಾಲು ಮುಟ್ಟುವ ಮೊದಲು, ಇದು ಎಲ್ಲಿಗೆ ಹೋಗಲಿಕ್ಕಿದೆ ಎಂದು ಕೇಳುವುದನ್ನು ಕಲಿತೆ.

ಕುದುರೆಗೆ ಮಾತ್ರೆ ಕೊಡುವುದು ಹೇಗೆ ಎಂದು ಆ ಹುಡುಗಿ ಕೇಳಿದಳು. ಅರೆದು ಕೊಡುವುದು. ಅದರ ಗಾತ್ರಕ್ಕೆ ಒಂದೆರಡು ಮಾತ್ರೆ ಎಲ್ಲಿ ಸಾಲುತ್ತದೆ? ಹಿಡಿಗಟ್ಟಲೆ ಬೇಕು. ನನ್ನ ಟ್ರಕ್ಕಿನಲ್ಲಿ ಒಂದು ಹಳೆಯ ಕಾಫಿ ಗ್ರೈಂಡರ್ ಇರುತ್ತಿತ್ತು. ಗುಲಾಬಿ ಬಣ್ಣದ ಮಾತ್ರೆಗಳನ್ನು ಅದರಲ್ಲಿ ಪುಡಿ ಮಾಡಿ, ಕಾಕಂಬಿಯಲ್ಲಿ ಕಲಸಿ, ದೊಡ್ಡ ಸಿರಿಂಜಿನಲ್ಲಿ ಕುದುರೆಯ ದವಡೆಯ ಸಂದಿಗೆ ಒತ್ತುತ್ತಿದ್ದೆ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ನನ್ನ ಅಂಗಿಗೆ. ನಾನು ನಿವೃತ್ತನಾಗುವ ಕೆಲವು ವರ್ಷ ಮೊದಲು ಹಾಗೆ ಕೊಡುತ್ತಿದ್ದುದು ರೋಸಿ ಎಂಬ ವಯಸ್ಸಾದ ಹೆಣ್ಣು ಕುದುರೆಗೆ. ಗೊರಸಿನೊಳಗೆ ಉರಿಯೂತವಾಗಿ, ನೆಲಕ್ಕೆ ಕಾಲೂರಲು ಹೆದರುತ್ತಿತ್ತು. ಅದರ ಒಡತಿ ಕ್ಯಾರಲ್, ನಿವೃತ್ತ ಶಾಲಾ ಶಿಕ್ಷಕಿ. ಬಹಳ ಮಾತಿಲ್ಲದ ಹೆಂಗಸು.

ಅದೇ ವರ್ಷ ಲಡ್ಡು ಬಂದ.

ಲಡ್ಡು ಕಾಲೀ ಎಂಬ, ಕುರಿ ಕಾಯುವ ತಳಿಯ ನಾಯಿ. ಉದ್ದ ಮೂತಿ, ಬೂಂದಿ ಲಾಡಿನ ಬಣ್ಣದ ಕೂದಲು. ವೆಸ್ಟ್ ವಿಂಡ್ಸರ್‌ನ ಪ್ರಸಾದ್ ಎಂಬ ಸಾಫ್ಟ್‌ವೇರ್ ಎಂಜಿನಿಯರನ ಮನೆಯದು. ಪ್ರಸಾದನೂ ಹೆಂಡತಿಯೂ ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಬರುವುದು ಸಂಜೆಯೇ, ಮಕ್ಕಳು ಶಾಲೆಗೆ. ಮನೆಯಲ್ಲಿ ಉಳಿಯುತ್ತಿದ್ದವರು ಪ್ರಸಾದನ ತಾಯಿ ಶಾರದಮ್ಮ ಮತ್ತು ಲಡ್ಡು. ಶಾರದಮ್ಮ ಮಂಡ್ಯ ಕಡೆಯವರು. ನಾಯಿ ತರುವಾಗ ಬೇಡವೆಂದು ಹಟ ಹಿಡಿದಿದ್ದವರು, ಈಗ ಅದನ್ನು ಬಿಟ್ಟು ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲೇ ನನಗೆ ಕಾರಣ ಹೇಳಿದರು: "ಮೊಮ್ಮಕ್ಳಿಗೆ ನಾನು ಕನ್ನಡದಲ್ಲಿ ಹೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಬರುತ್ತೆ ಡಾಕ್ಟ್ರೇ. 'ಬಾರೋ' ಅಂದ್ರೆ ಬಂದು, 'ಕೂತ್ಕೊ' ಅಂದ್ರೆ ಕೂರೋನು ಆ ಮನೇಲಿ ಇವನೊಬ್ಬನೇ."

ಲಡ್ಡುವಿನ ಕಿವಿಯ ತುದಿಗಳು ಕಪ್ಪಾಗಿ ಸೀಳಿ ರಕ್ತ ಸೋರುತ್ತಿದ್ದವು. ಮೂತಿಯ ಮೇಲೂ ಬಾಲದ ತುದಿಯಲ್ಲೂ ಹುಣ್ಣು. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕಾಲೀ ತಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬರುವ ರೋಗ. ಚರ್ಮದ ಸಣ್ಣ ರಕ್ತನಾಳಗಳು ಉರಿಯೆದ್ದು ಮುಚ್ಚಿಕೊಳ್ಳುತ್ತವೆ, ಅವುಗಳನ್ನು ನಂಬಿದ ಚರ್ಮ ಸಾಯುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಬೇರೆ ಕಡೆ ಸ್ಟೆರಾಯ್ಡ್ ಕೊಟ್ಟು ನೋಡಿದ್ದರು. ಅದರಿಂದ ನಾಯಿ ಸೊರಗಿ, ಮನೆಯೆಲ್ಲ ಉಚ್ಚೆ ಹೊಯ್ದದ್ದಷ್ಟೇ ಆಗಿತ್ತು. ಉಳಿದದ್ದು ಪೆಂಟಾಕ್ಸಿಫಿಲಿನ್. ಲಡ್ಡುವಿನ ತೂಕಕ್ಕೆ ಸರಿಯಾಗಿ ಇಡೀ ಮಾತ್ರೆ. "ಊಟದ ಜೊತೆ ಕೊಡ್ರಿ. ಎರಡು ತಿಂಗಳಾದರೂ ತಾಳ್ರಿ, ಅದರ ಮೊದಲು ಏನೂ ಕಾಣೂದಿಲ್ಲ" ಎಂದು ಹೇಳಿ ಕಳಿಸಿದೆ.

ತಾಳುವ ಮೊದಲೇ ವಾಂತಿ ಶುರುವಾಯಿತು. ಮಾತ್ರೆ ಕೊಟ್ಟ ಸ್ವಲ್ಪ ಹೊತ್ತಿಗೆ ನಾಯಿ ಏದುಸಿರು ಬಿಟ್ಟು, ಅತ್ತಿಂದಿತ್ತ ಓಡಾಡಿ, ತಿಂದದ್ದೆಲ್ಲ ಕಾರುತ್ತಿತ್ತು. ದಿನದ ಮಾತ್ರೆ ಕಡಿಮೆ ಮಾಡಿದೆ. ವಾಂತಿ ನಿಲ್ಲಲಿಲ್ಲ, ಕಿವಿಯೂ ಸುಧಾರಿಸಲಿಲ್ಲ. ಹ್ಯಾಂಕ್ ಫೈಲು ನೋಡಿ, "ಈ ನಾಯಿಗೆ ಆಗಿಬರುವುದಿಲ್ಲ, ನಿಲ್ಲಿಸು" ಎಂದ. ನಿಲ್ಲಿಸಿದರೆ ಕೊಡಲು ಬೇರೆ ಔಷಧವಿರಲಿಲ್ಲ.

ಪ್ರಸಾದ್ ಒಂದು ಶನಿವಾರ ಒಬ್ಬನೇ ಬಂದ. ಒಳ್ಳೆಯ ಹುಡುಗ, ಕಣ್ಣು ಕೆಂಪಾಗಿತ್ತು.

"ಅಂಕಲ್, ಕ್ವಾಲಿಟಿ ಆಫ್ ಲೈಫ್ ಅಂತ ಒಂದಿದೆ ಅಲ್ವಾ? ದಿನಾ ವಾಂತಿ, ದಿನಾ ರಕ್ತ. ನಾವೇ ಸೆಲ್ಫಿಶ್ ಆಗಿ ಇಟ್ಕೊಂಡಿದೀವೇನೋ ಅನ್ಸುತ್ತೆ. ಥ್ಯಾಂಕ್ಸ್‌ಗಿವಿಂಗ್ ತನಕ ನೋಡ್ತೀವಿ. ಆಮೇಲೆ ಪುಟ್ ಟು ಸ್ಲೀಪ್ ಮಾಡ್ಬಿಡೋಣ."

"ನಿಮ್ಮ ತಾಯಿಯವರಿಗೆ ಹೇಳೀರೇನು?"

"ಹೇಳಿದೆ. ಅಮ್ಮ ಎದ್ದು ಅಡುಗೆಮನೆಗೆ ಹೋದ್ರು. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ."

ನಾನು ಅವನನ್ನು ದೂರಲಿಲ್ಲ. ನಾಯಿಯ ಕಷ್ಟ ನೋಡಲಾರದೆ ಕೊಲ್ಲುವ ನಿರ್ಧಾರಕ್ಕೆ ಬರುವವರೂ, ಅದನ್ನು ಬಿಟ್ಟುಕೊಡಲಾರದೆ ನರಳಿಸುವವರೂ ಈ ವೃತ್ತಿಯಲ್ಲಿ ದಿನವೂ ಸಿಗುತ್ತಾರೆ. ಇಬ್ಬರದೂ ಪ್ರೀತಿಯೇ. ನಾನು ಕೇಳಿದ್ದು ಒಂದೇ: "ಮಾತ್ರಿ ಊಟದ ಜೋಡಿ ಕೊಡಾಕತ್ತೀರಿ ಹೌದಲ್ಲ?" ಹೌದು ಎಂದ. ಕೊಡುವವನು ಅವನಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ನವೆಂಬರಿನ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕೆಲವು ವಾರ ಉಳಿದಿದ್ದಾಗ ಒಂದು ಮಧ್ಯಾಹ್ನ ಶಾರದಮ್ಮನ ಫೋನು. ನಾಯಿ ಮತ್ತೆ ವಾಂತಿ ಮಾಡಿ ಸುಸ್ತಾಗಿ ಮಲಗಿದೆ. ಮಗ ಸೊಸೆ ಮ್ಯಾನ್‌ಹ್ಯಾಟನ್‌ನಲ್ಲಿ, ಇವರಿಗೆ ಡ್ರೈವಿಂಗ್ ಬರುವುದಿಲ್ಲ. ನಾನು ರೋಸಿಗೆ ಔಷಧ ಕೊಟ್ಟು ವಾಪಸಾಗುತ್ತಿದ್ದವನು ದಾರಿಯಲ್ಲೇ ಅವರ ಮನೆಗೆ ತಿರುಗಿಸಿದೆ.

ನಾಯಿಯ ಎದೆಬಡಿತ ಜೋರಾಗಿತ್ತು, ಆದರೆ ಅಪಾಯವೇನೂ ಇರಲಿಲ್ಲ. ಕೈ ತೊಳೆಯಲು ಅಡುಗೆಮನೆಯ ಸಿಂಕಿಗೆ ಹೋದೆ. ಪಕ್ಕದಲ್ಲಿ ಅಂಗೈಯಗಲದ ಸಾಣೆಕಲ್ಲು ಇತ್ತು, ನಮ್ಮ ಮನೆಗಳಲ್ಲಿ ಹಸುಗೂಸಿಗೆ ಬಜೆ ತೇಯುವಂಥದ್ದು. ಕಲ್ಲು ಒದ್ದೆಯಾಗಿತ್ತು. ಅದರ ಮೇಲೆ ಗುಲಾಬಿ ಬಣ್ಣದ ಗಂಧ. ಪಕ್ಕದಲ್ಲಿ ಜೇನುತುಪ್ಪದ ಬಾಟಲಿ.

"ಇದೇನ್ರಿ ಅಮ್ಮಾ?"

"ಅವನ ಮಾತ್ರೆ. ಅಷ್ಟು ದೊಡ್ಡ ಮಾತ್ರೆ ಪಾಪದ ಪ್ರಾಣಿ ಹೇಗೆ ನುಂಗುತ್ತೆ? ಜೇನಲ್ಲಿ ತೇಯ್ದು ನೆಕ್ಕಿಸ್ತೀನಿ. ನನ್ನ ಮಕ್ಳಿಗೆಲ್ಲ ಹೀಗೇ ಕೊಟ್ಟಿದ್ದು."

"ಡಬ್ಬಿ ಮ್ಯಾಲೆ ಕುಟ್ಟಬಾರದು ಅಂತ ಬರದೈತ್ರಿ."

"ಪ್ರಸಾದನೂ ಅದನ್ನೇ ಹೇಳಿದ್ದ. ನಾನೆಲ್ಲಿ ಕುಟ್ಟಿದೆ? ನುಣ್ಣಗೆ ತೇಯ್ದಿದೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮಾತ್ರೆ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂತು ಸ್ವಲ್ಪ ಸ್ವಲ್ಪವೇ ಕರಗಲೆಂದು ಮಾಡಿದ್ದು. ತೇಯ್ದರೆ ಇಡೀ ಔಷಧ ಒಂದೇ ಏಟಿಗೆ ಒಳಗೆ ಹೋಗುತ್ತದೆ. ನಾಯಿಗೆ ಎದೆ ಡವಗುಟ್ಟಿ, ಹೊಟ್ಟೆ ತೊಳೆಸಿ, ಎಲ್ಲ ಹೊರಗೆ ಬರುತ್ತದೆ. ಹಾಗಾಗಿ ಔಷಧದ ಕಷ್ಟವೆಲ್ಲ ಲಡ್ಡುವಿಗೆ ಸಿಕ್ಕಿತ್ತು, ಅದರ ಗುಣ ಮಾತ್ರ ಸಿಕ್ಕಿರಲಿಲ್ಲ. ಶಾರದಮ್ಮನಿಗೆ ಇದನ್ನು ಬಿಡಿಸಿ ಹೇಳಿದೆ. ಅವರು ಕಲ್ಲನ್ನೇ ನೋಡುತ್ತಾ ನಿಂತರು. ಮುಖ ಸಣ್ಣದಾಯಿತು. ಆಮೇಲೆ ಅವರ ಕಣ್ಣು ನನ್ನ ತೋಳಿನ ಮೇಲೆ ಬಿತ್ತು.

"ನಿಮ್ಮ ಅಂಗಿಗೂ ಅದೇ ಬಣ್ಣ ಮೆತ್ಕೊಂಡಿದೆಯಲ್ಲ ಡಾಕ್ಟ್ರೇ?"

ನೋಡಿಕೊಂಡೆ. ಮೊಣಕೈವರೆಗೂ ರೋಸಿಯ ಔಷಧ. ಸುಳ್ಳು ಹೇಳುವ ಹಾಗಿರಲಿಲ್ಲ. "ಕುದುರಿಗೆ ಅರದು ಕೊಟ್ಟು ಬಂದೆನ್ರಿ" ಎಂದೆ.

"ಅದೇ ಮಾತ್ರೆನಾ?"

"ಹೌದ್ರಿ, ಅದಽ."

"ಅಂದ್ರೆ ಕುದುರೆಗೆ ಅರೀಬೌದು, ನಾಯಿಗೆ ತೇಯಬಾರದು?"

ಕೊಂಕಿನಿಂದ ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಕುದುರೆ ಹಿಡಿಗಟ್ಟಲೆ ಮಾತ್ರೆ ನುಂಗುವುದಿಲ್ಲ, ಅದಕ್ಕೆ ಅರೆಯುತ್ತೇವೆ ಎಂದೆ. "ಮತ್ತೆ ಅದು ವಾಂತಿ ಮಾಡಲ್ವಾ?" ಎಂದರು. "ಕುದುರಿಗೆ ವಾಂತಿ ಮಾಡಾಕ ಬರೂದಿಲ್ರಿ. ಅದರ ದೇಹನ ಹಂಗೈತಿ" ಎಂದೆ. ಇದು ನಿಜ, ಪಶುವೈದ್ಯದ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಶಾರದಮ್ಮ ಲಡ್ಡುವಿನ ಕಡೆ ನೋಡಿ ಮೆಲ್ಲಗೆ ಹೇಳಿದರು: "ಪಾಪ. ಹಾಗಾದ್ರೆ ಹೊಟ್ಟೆ ತೊಳೆಸಿದ್ರೂ ಅದಕ್ಕೆ ಹೇಳೋಕಾಗಲ್ಲ."

ಮಾತು ಬದಲಿಸಿ, ಮಾತ್ರೆಯನ್ನು ಇಡಿಯಾಗಿ ಕೊಡುವುದು ಹೇಗೆ ಎಂಬ ವಿಷಯಕ್ಕೆ ಬಂದೆ. ಚೀಸಿನಲ್ಲಿ ಮುಚ್ಚಿ ಕೊಡಿ ಎಂದೆ. ನಾಯಿ ಕೊಂಚ ಸುಧಾರಿಸಿಕೊಂಡ ಮೇಲೆ ಮಾತ್ರೆಯ ಸಣ್ಣ ಚೂರಷ್ಟೇ ಇಟ್ಟು ಕೊಟ್ಟು ನೋಡಿದೆವು. ಲಡ್ಡು ಚೀಸು ಅಗಿದು ತಿಂದು, ಕಹಿ ಹತ್ತಿದ ಕೂಡಲೇ ಚೂರನ್ನು ನೆಲಕ್ಕೆ ಉಗುಳಿದ. ಪೀನಟ್ ಬಟರಿನಲ್ಲೂ ಅದೇ ಕಥೆ. ಅಗಿದರೆ ತೇಯ್ದಂತೆಯೇ ಆಯಿತಲ್ಲ, ಅಗಿಯದೆ ನುಂಗುವಂಥದ್ದು ಬೇಕು ಎಂದೆ.

ಶಾರದಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಅದನ್ನ ಮೊದಲೇ ಹೇಳ್ಬಾರ್ದಾ? ಮುದ್ದೆ ಮತ್ತೆ ಇರೋದು ಯಾಕೆ?"

ನಾನು ರೊಟ್ಟಿ ತಿಂದು ಬೆಳೆದವನು. ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಕೇಳಿದ್ದೆನೇ ಹೊರತು ಒಂದು ಸಲವೂ ಸರಿಯಾಗಿ ಮಾಡಿದವನಲ್ಲ. ಅವರು ಒಲೆ ಹೊತ್ತಿಸಿ ಅಲ್ಲೇ ಸಣ್ಣ ಮುದ್ದೆ ಕಟ್ಟಿದರು. ಆರಿದ ಮೇಲೆ ನೆಲ್ಲಿಕಾಯಿ ಗಾತ್ರದ ಒಂದು ತುಂಡಿನಲ್ಲಿ, ಮಾತ್ರೆಯ ಬದಲು ಮೊದಲು ಒಂದು ಬಟಾಣಿ ಇಟ್ಟು, ತುಪ್ಪ ಸವರಿ ಕೊಟ್ಟರು. ಗುಳಕ್ಕನೆ ಇಳಿಯಿತು. ಹಲ್ಲಿಗೆ ಅಂಟುತ್ತದೆಂದೋ ಏನೋ, ಲಡ್ಡು ಅಗಿಯುವ ಗೋಜಿಗೇ ಹೋಗಲಿಲ್ಲ. ಇನ್ನೊಂದು ಬೇಕೆಂದು ಬಾಲ ಆಡಿಸಿದ. "ನೋಡಿ, ಧಾರವಾಡದೋರಿಗಿಂತ ಇವನೇ ವಾಸಿ" ಎಂದು ಶಾರದಮ್ಮ ನಕ್ಕರು. ಕಣ್ಣಲ್ಲಿ ನೀರಿತ್ತು.

ಪ್ರಸಾದನಿಗೆ ಫೋನ್ ಮಾಡಿ ಸಾಣೆಕಲ್ಲಿನ ವಿಷಯ ಹೇಳಿ, ಎರಡು ತಿಂಗಳ ಲೆಕ್ಕ ಇವತ್ತಿನಿಂದ ಹೊಸದಾಗಿ ಶುರು, ಥ್ಯಾಂಕ್ಸ್‌ಗಿವಿಂಗ್ ಮಾತು ಬಿಡು ಎಂದೆ. ಅವನು "ಅಮ್ಮಂಗೆ ಗಿಲ್ಟಿ ಫೀಲ್ ಆಗಿರುತ್ತೆ, ಅಲ್ವಾ ಅಂಕಲ್?" ಎಂದ. ಅದನ್ನು ನನಗಲ್ಲ, ಅವರಿಗೇ ಕೇಳು ಎಂದೆ.

ಆಸ್ಪತ್ರೆಗೆ ಹೋದವನು ಹ್ಯಾಂಕ್‌ಗೆ ಎಲ್ಲ ಹೇಳಿದೆ. ಜೋರಾಗಿ ನಕ್ಕ. ಕುದುರೆ ಹೇಳಿಕೊಳ್ಳಲಾರದು ಎಂಬ ಶಾರದಮ್ಮನ ಮಾತನ್ನು ಹೇಳಿದಾಗ ನಗು ನಿಂತಿತು. "ಇಷ್ಟು ವರ್ಷ ಅರೆದಿದ್ದೇವೆ" ಎಂದು ಗೊಣಗಿದ. ಆದರೂ ಮರುದಿನ ಅವನೇ ಒಬ್ಬ ಫಾರ್ಮಸಿಸ್ಟನಿಗೆ ಫೋನ್ ಮಾಡಿ, ಕುದುರೆಗೆಂದೇ ಔಷಧವನ್ನು ಬೇರೆಯಾಗಿ ಪೇಸ್ಟ್ ಮಾಡಿಸುವ ಏರ್ಪಾಡು ಮಾಡಿದ. ಔಷಧ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಕುದುರೆಯ ಬೆವರು, ಎದೆಬಡಿತ ನೋಡುವುದನ್ನೂ ಶುರುಮಾಡಿದೆವು. ಅಷ್ಟರವರೆಗೆ ಕೊಟ್ಟ ಕೂಡಲೇ ಟ್ರಕ್ ಹತ್ತುತ್ತಿದ್ದೆವು. ಗ್ರೈಂಡರನ್ನು ನಾನು ಬಿಸಾಡಿದೆ.

ಇಷ್ಟಾದರೂ ರೋಸಿ ಉಳಿಯಲಿಲ್ಲ. ವಸಂತದಲ್ಲಿ ಗೊರಸಿನೊಳಗಿನ ಮೂಳೆ ಕೆಳಕ್ಕೆ ಜಾರಿತು. ರಕ್ತ ಹರಿಸುವ ಯಾವ ಮಾತ್ರೆಯೂ ಅದನ್ನು ಎತ್ತಿ ನಿಲ್ಲಿಸಲಾರದು. ಹಿಂದಿನ ಹುಲ್ಲುಗಾವಲಿನಲ್ಲಿ, ಬಿಸಿಲಿದ್ದ ಜಾಗ ನೋಡಿ ಕೊನೆಯ ಸೂಜಿ ಚುಚ್ಚಿದೆ. ಕ್ಯಾರಲ್ ಅದರ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಮೊದಲೇ ಪೇಸ್ಟ್ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಇಲ್ಲ ಎನ್ನುತ್ತಿದ್ದೆ, ಅದು ನಿಜವೂ ಹೌದು. ಆದರೂ ಆ ದಿನ ನನಗೆ ಊಟ ಸೇರಲಿಲ್ಲ.

ಲಡ್ಡುವಿನ ಕಿವಿಯಲ್ಲಿ ಎರಡು ತಿಂಗಳು ಏನೂ ಆಗಲಿಲ್ಲ. ವಾಂತಿ ಮಾತ್ರ ನಿಂತಿತ್ತು. ಹ್ಯಾಂಕ್ ಎಂದಿನಂತೆ ಚಡಪಡಿಸಿದ. ಚಳಿಗಾಲ ಕಳೆಯುವ ಹೊತ್ತಿಗೆ ಕಪ್ಪು ಹಕ್ಕಳೆ ಉದುರಿ, ಕೆಳಗೆ ಎಳೆಯ ಚರ್ಮ ಕಂಡಿತು. ತುದಿಗಳು ಕೊಂಚ ಮೊಟಕಾಗಿ ಉಳಿದವು, ಕೂದಲು ಬಿಳಿಯಾಗಿ ಬಂತು. ಪ್ರಸಾದ್ ಫೋನಿನಲ್ಲಿ ತೆಗೆದ ಚಿತ್ರಗಳನ್ನು ನನಗೆ ತೋರಿಸುವಾಗ ಶಾರದಮ್ಮ ಅವನ ಭುಜದ ಮೇಲಿಂದ ಬಗ್ಗಿ, "ಇದು ಸರಿಯಾಗಿ ಬಂದಿಲ್ಲ, ಇನ್ನೊಂದು ತೋರ್ಸೋ" ಎನ್ನುತ್ತಿದ್ದರು. ತಾಯಿ ಮಗ ಮಾತಾಡುತ್ತಿದ್ದಾರೆ ಎಂದು ಅದರಿಂದ ತಿಳಿಯಿತು.

ಆ ಹುಡುಗಿಗೆ ನಾನು ಹೇಳಬೇಕಾದದ್ದು ಬಹುಶಃ ಇಷ್ಟೇ. ಔಷಧ ಕೊಡುತ್ತಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ, ನನ್ನೆದುರು ಒಮ್ಮೆ ಕೊಟ್ಟು ತೋರಿಸಿ ಎಂದು ಕೇಳಬೇಕು. ನಾನು ಆಮೇಲೆ ನಿವೃತ್ತನಾಗುವವರೆಗೂ ಹಾಗೇ ಕೇಳಿದೆ. ಆದರೆ ಇಲ್ಲಿಗೆ ನಿಲ್ಲಿಸಿದರೆ ಕಥೆ ಅರ್ಧ.

ಈ ವರ್ಷ ಎಲೆ ಉದುರುವ ಕಾಲದಲ್ಲಿ ನಮ್ಮ ಬಡಾವಣೆಯ ಕೊಳದ ಸುತ್ತ ವಾಕ್ ಹೋಗಿದ್ದೆ. ಮುಂದೆ ಶಾರದಮ್ಮ, ಜೊತೆಗೆ ಲಡ್ಡು. ಇಬ್ಬರಿಗೂ ವಯಸ್ಸಾಗಿದೆ. ಸ್ವಲ್ಪ ದೂರ ನಡೆದು ಶಾರದಮ್ಮ ನಿಂತರು. ನಾಯಿಯೂ ನಿಂತು, ಅವರ ಕಾಲ ಬಳಿ ಕೂತಿತು. ಮತ್ತೆ ನಡೆದರು, ಮತ್ತೆ ನಿಂತರು. ಆ ನಡಿಗೆ ಏನೆಂದು ನಾಲ್ಕು ಕಾಲಿನವರ ಡಾಕ್ಟರಿಗೂ ತಿಳಿಯುತ್ತದೆ. ನನ್ನನ್ನು ನೋಡಿದ ಕೂಡಲೇ ಬೆಂಚಿನ ಮೇಲೆ ಕೂತು, ಸೀರೆಯ ಕೆಳಗೆ ಮೀನಖಂಡ ಮುಟ್ಟಿ ತೋರಿಸಿದರು. ಈ ಬಾರಿ ಕಾಲು ಹಿಂದಕ್ಕೆ ಹೋಗಲಿಲ್ಲ.

"ಇಲ್ಲಿ ಹಿಡ್ಕೊಳ್ಳುತ್ತೆ ಡಾಕ್ಟ್ರೇ. ರಕ್ತ ಇಳೀತಾ ಇಲ್ವಂತೆ. ನಮ್ಮ ಡಾಕ್ಟ್ರು ದಿನಾ ನಡೀಬೇಕು ಅಂದಿದಾರೆ, ಮಾತ್ರೆನೂ ಬರ್ಕೊಟ್ಟಿದಾರೆ. ಯಾವುದು ಹೇಳಿ?"

"ಗುಲಾಬಿ ಬಣ್ಣದ್ದೇನ್ರಿ?"

"ಲಡ್ಡು ಮಾತ್ರೆ!" ಎಂದು ನಕ್ಕರು. "ಪ್ರಸಾದ ಡಬ್ಬಿ ತಂದಾಗ, ಯಾಕೋ ನಾಯಿ ಔಷಧಿ ನನ್ನ ರೂಮಲ್ಲಿಟ್ಟೆ ಅಂತ ಬೈದ್ಬಿಟ್ಟೆ."

ಆ ಮಾತ್ರೆ ಕೊನೆಗೂ ಯಾರಿಗಾಗಿ ಹುಟ್ಟಿತ್ತೋ ಅವರ ಮನೆಗೇ ಬಂದಿತ್ತು, ನಾಯಿಯ ಹೆಸರಿಟ್ಟುಕೊಂಡು. ಗುಣ ಕಾಣುತ್ತಿದೆಯೇ ಎಂದು ಕೇಳಿದೆ.

"ನಿಲ್ಲಿಸ್ಬಿಟ್ಟಿದ್ದೆ. ಒಂದು ವಾರ ನುಂಗಿದೆ, ಹೊಟ್ಟೆ ತೊಳೆಸೋದು, ನೋವು ಹಾಗೇ ಇರೋದು. ಈ ವಯಸ್ಸಲ್ಲಿ ಇನ್ನೆಷ್ಟು ನಡೀಬೇಕು, ಮನೇಲೇ ಕೂತಿದ್ರಾಯ್ತು ಅಂದ್ಕೊಂಡೆ. ಒಂದಿನ ಇವನು ಬಂದು ತೊಡೆ ಮೇಲೆ ತಲೆ ಇಟ್ಟ. ಇವನ ಕಿವಿ ನೋಡ್ದೆ."

ಬಿಳಿ ತುದಿಯ ಕಿವಿಯನ್ನು ಬೆರಳಲ್ಲಿ ನೇವರಿಸಿದರು.

"ಎರಡು ತಿಂಗಳು ತಾಳಿ ಅಂತ ನೀವು ಹೇಳಿದ್ದು ಇವನಿಗೆ. ಬಾಯಿಲ್ಲದ ಪ್ರಾಣಿ, ತಾಳ್ದ. ನಾನು ತಾಳಬಾರ್ದಾ? ಡಾಕ್ಟ್ರಿಗೆ ಹೇಳಿ ಮತ್ತೆ ಶುರು ಮಾಡಿದೀನಿ. ಬೆಳಿಗ್ಗೆ ಎರಡು ಮುದ್ದೆ ಕಟ್ತೀನಿ, ಇವನಿಗೊಂದು, ನನಗೊಂದು. ಮೊದಲು ಇವನು ನುಂಗ್ತಾನೆ, ಆಮೇಲೆ ನಾನು."

"ಈಗ ಎಷ್ಟು ದೂರ ನಡೀತೀರಿ?"

"ಹೋದ ತಿಂಗಳು ಆ ಮೇಪಲ್ ಮರದ ತನಕ. ಈಗ ಅದನ್ನ ದಾಟಿ ಈ ಬೆಂಚಿನ ತನಕ."

ಸೆರಗು ಸರಿಮಾಡಿಕೊಂಡು ಎದ್ದರು. "ನಡಿಯೋ" ಎಂದರು. ಕನ್ನಡ ಬಲ್ಲ ನಾಯಿ ಎದ್ದು, ಅವರ ಹೆಜ್ಜೆ ನೋಡಿಕೊಂಡು ನಿಧಾನವಾಗಿ ಹೊರಟಿತು.